ಮೂರು ಇಂಚು ಕಳೆದು

ಜನವರಿ 9

ಕತ್ತರಿ,

ಹೀಗೆ ಕರೆದರೆ ಕಾಗದವನ್ನು ಕೊನೆಯವರೆಗೂ ಓದುತ್ತೀಯ ಅಂತ ಒಂದು ಆಸೆ. ಆರು ವರ್ಷದವಳಿದ್ದಾಗ ನನ್ನ ಅಳತೆ ಟೇಪಿನ ಮೊದಲ ಮೂರು ಇಂಚು ಕತ್ತರಿಸಿ ಗೊಂಬೆಗೆ ಬೆಲ್ಟು ಕಟ್ಟಿದ್ದಕ್ಕೆ ನಿನ್ನಪ್ಪ ಇಟ್ಟ ಹೆಸರು ಇದು. ನಾನು ಹೊಡೆಯಲು ಕೈ ಎತ್ತಿದರೆ ಅವರು ನಗುತ್ತಾ ಅಡ್ಡ ಬಂದರು. ಬೇರೆ ಟೇಪು ತಂದುಕೊಡುತ್ತೇನೆ ಅಂದರು. ತರಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಯಾರ ಮೈ ಅಳೆದರೂ 'ಕತ್ತರಿಯ ಮೂರು ಇಂಚು ಕಳೆದು' ಅಂತ ಬಾಯಲ್ಲಿ ಹೇಳಿಕೊಂಡೇ ಬರೆದುಕೊಂಡೆ. ಗಿರಾಕಿಗಳಿಗೂ ಅದು ಕೇಳಿ ಕೇಳಿ ಅಭ್ಯಾಸವಾಗಿತ್ತು.

ನಾಲ್ಕು ವರ್ಷದಲ್ಲಿ ನೀನು ಬರೆದದ್ದು ನಾಲ್ಕೇ ಕಾಗದ. ಎಲ್ಲ ಸೇರಿಸಿದರೂ ಒಂದು ಪುಟ ತುಂಬುವುದಿಲ್ಲ. ನಾನೇನು ಕಮ್ಮಿ, ನಾನೂ ಅಷ್ಟೇ ಅಳೆದು ಉತ್ತರ ಬರೆದೆ. ಇಬ್ಬರೂ ಒಂದೇ ತಾನಿನ ಬಟ್ಟೆ.

ವಿಷಯಕ್ಕೆ ಬರುತ್ತೇನೆ. ಮನೆ ಮಾರಬೇಕು ಅಂತಿದ್ದೇನೆ. ಮಂಡಿ ಮಾತು ಕೇಳುವುದಿಲ್ಲ, ಮಹಡಿ ಹತ್ತುವುದು ಕಷ್ಟವಾಗಿದೆ. ಹೊಲಿಸುವವರೂ ಕಡಿಮೆಯಾದರು, ಹೊಲಿದಿಟ್ಟ ಬಟ್ಟೆಯೊಳಗೆ ಜನ ತಾವೇ ತೂರಿಕೊಳ್ಳುವ ಕಾಲ ಇದು. ಬೇಸಿಗೆ ಮುಗಿಯುವುದರೊಳಗೆ ಮಾರಾಟವಾಗಬೇಕು. ಕಂಡವರ ಮನೆಗಳಿಗೆಲ್ಲ ಜಾಹೀರಾತು ಬರೆದು ಮಾರಿಸಿಕೊಡುತ್ತೀಯ. ನಮ್ಮ ಮನೆಗೂ ಒಂದು ಬರೆದುಕೊಡು. ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ.

ನಿನಗೆ ಸುಲಭವಾಗಲಿ ಅಂತ ನಾನೇ ಒಂದು ಬರೆದಿದ್ದೇನೆ, ನೋಡು:

'ಮನೆ ಮಾರಾಟಕ್ಕಿದೆ. ಬೀದಿಗೆ ಹೊಲಿಗೆ ಅಂಗಡಿಯ ಕೋಣೆ, ಹಿಂದೆ ಅಡುಗೆಮನೆ, ಮೇಲೆ ಎರಡು ಕೋಣೆ. ಮೆಟ್ಟಿಲು ಹನ್ನೊಂದು. ಏಳನೆಯದು ಸ್ವಲ್ಪ ಎತ್ತರ, ಎಡವುತ್ತೀರಿ, ಗೋಡೆ ಹಿಡಿದುಕೊಳ್ಳಿ. ಅಡುಗೆಮನೆಯ ನಲ್ಲಿಯನ್ನು ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತದೆ, ಕೆಳಗೊಂದು ಲೋಟ ಇಡಿ. ಮಳೆ ಬಂದರೆ ಹಿಂದಿನ ಗೋಡೆ ಬೆವರುತ್ತದೆ. ಸ್ವಿಚ್ಚುಗಳೆಲ್ಲ ನೆಲದಿಂದ ಎರಡೇ ಅಡಿ ಎತ್ತರದಲ್ಲಿವೆ. ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್‌ಗೆ ಒಬ್ಬಳು ಮಗಳಿದ್ದಳು. ಅವಳಿಗೆ ಕತ್ತಲೆ ಅಂದರೆ ಭಯ. ಕುರ್ಚಿ ಹತ್ತದೆ ತಾನೇ ದೀಪ ಹಾಕಿಕೊಳ್ಳಲಿ ಅಂತ ಅವರು ಹಾಗೆ ಮಾಡಿದರು.'

ತಿದ್ದು. ಆದರೆ ಏನನ್ನೂ ಬಿಡಬೇಡ.

ಮಷೀನಿನ ಮೇಲೆಯೇ ಕಾಗದ ಇಟ್ಟು ಬರೆದ,
ಅಮ್ಮ


ಜನವರಿ 20

ಅಮ್ಮ,

ಕಾಗದ ಬಂತು. ಕೊನೆಯವರೆಗೂ ಓದಿದೆ.

ನೀನು ಬರೆದದ್ದು ಜಾಹೀರಾತಲ್ಲ, ತಪ್ಪೊಪ್ಪಿಗೆ. ಅದನ್ನು ಓದಿ ಯಾರೂ ಮನೆ ನೋಡಲು ಬರುವುದಿಲ್ಲ. ಬಂದರೂ ಲೋಟ ಹಿಡಿದುಕೊಂಡು ಬರುತ್ತಾರೆ. ಪೇಪರು ಓದುವವರು ಮೊದಲ ಎರಡು ಸಾಲು ನೋಡುತ್ತಾರೆ. ಹಿಡಿಸಿದರೆ ಮೂರನೆಯದು, ಇಲ್ಲದಿದ್ದರೆ ಪಕ್ಕದ ಮನೆ. ಹಾಗಾಗಿ ಮೊದಲು ಬೆಳಕು ಬರೆಯಬೇಕು, ಆಮೇಲೆ ನೀರು, ಆಮೇಲೆ ಶಾಲೆ, ಆಸ್ಪತ್ರೆ, ಬಸ್ಸು ಎಷ್ಟು ದೂರ ಅಂತ. ಚಿಕ್ಕ ಕೋಣೆ, ದೊಡ್ಡ ಕೋಣೆ ಅನ್ನುವ ಮಾತೇ ಬೇಡ. ಅಳತೆ ಕೊಟ್ಟರೆ ಸಾಕು, ತಮ್ಮ ಮಂಚ ಹಿಡಿಯುತ್ತದೋ ಇಲ್ಲವೋ ಅವರೇ ನೋಡಿಕೊಳ್ಳುತ್ತಾರೆ.

ಫೋಟೋ ಬೇಕು. ಬೆಳಿಗ್ಗೆ ಹತ್ತರೊಳಗೆ ತೆಗೆಸು, ಕಿಟಕಿಗಳನ್ನು ತೆರೆದಿಟ್ಟು. ಅದಕ್ಕೆ ಮೊದಲು ಕ್ಯಾಲೆಂಡರು, ಔಷಧಿ ಡಬ್ಬ, ಮೊಳೆಗೆ ನೇತು ಹಾಕಿದ ಬಟ್ಟೆ, ಗೋಡೆಯ ಮೇಲಿನ ಫೋಟೋ, ಎಲ್ಲ ತೆಗೆದಿಡು. ನೋಡುವವರಿಗೆ ತಾವು ಅಲ್ಲಿರುವಂತೆ ಅನ್ನಿಸಬೇಕು. ಈಗಾಗಲೇ ಯಾರೋ ಇದ್ದಾರೆ ಅನ್ನಿಸಿದರೆ ಮನಸ್ಸು ಹಿಂದೆ ಸರಿಯುತ್ತದೆ. ನೀನೂ ಫೋಟೋದಲ್ಲಿ ಬರಬೇಡ.

ಗೋಡೆ ಬೆವರುವುದನ್ನು ನಾನು ಮುಚ್ಚಿಡುವುದಿಲ್ಲ, ಬಂದವರಿಗೆ ಬಾಯಲ್ಲಿ ಹೇಳಬೇಕು. ನಮ್ಮ ಕಚೇರಿಯ ದೊಡ್ಡವರು ಬೇರೆ ಯಾವುದಕ್ಕೂ ಗದರುವುದಿಲ್ಲ, ಅಳತೆ ಸುಳ್ಳಾದರೆ ಮಾತ್ರ ಬಿಡುವುದಿಲ್ಲ. ನನ್ನದೂ ಒಂದು ನಿಯಮ ಇದೆ: ಯಾವುದನ್ನು ಮೊದಲು ಹೇಳಬೇಕು ಅಂತ ಆರಿಸುತ್ತೇನೆ, ಇಲ್ಲದ್ದನ್ನು ಬರೆಯುವುದಿಲ್ಲ. ಮುಚ್ಚಿಟ್ಟು ಬರೆಯುವವರು ಬೇರೆ ಇದ್ದಾರೆ. ನಿನಗೆ ಗೊತ್ತು.

ಕೋಣೆಗಳ ಉದ್ದ ಅಳೆದು ಕಳಿಸು.

ಮಗಳು


ಫೆಬ್ರವರಿ 4

ಕತ್ತರಿ,

ನಿನ್ನ ನಿಯಮಗಳನ್ನು ಓದಿ ನಕ್ಕೆ. ಒಳಮಗ್ಗುಲು ತಿರುವಿ ನೋಡದೆ ಹೊಲಿಗೆ ಗೊತ್ತಾಗುವುದಿಲ್ಲ ಅಂತ ನಾನು ಎಲ್ಲರಿಗೂ ಹೇಳಿಕೊಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೊರಮಗ್ಗುಲನ್ನೇ ಇಸ್ತ್ರಿ ಮಾಡಿ ಮಾರುತ್ತಿದ್ದಾಳೆ. ಇರಲಿ, ಅದೂ ಒಂದು ಕಸುಬೇ.

ಫೋಟೋಗಳನ್ನು ಇದರ ಜೊತೆ ಇಟ್ಟಿದ್ದೇನೆ. ಪಕ್ಕದ ಇಸ್ತ್ರಿಯವನು ತೆಗೆದ. ನೀನು ಹೇಳಿದಂತೆ ಎಲ್ಲ ಖಾಲಿ ಮಾಡಿದೆ. ನಿನ್ನಪ್ಪನ ಸಲಕರಣೆ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದೆ. ಬಾಗಿಲ ಹಿಂದಿನ ಅವರ ಕೋಟು ಮಾತ್ರ ತೆಗೆಯಲು ಮನಸ್ಸು ಬರಲಿಲ್ಲ, ಬಾಗಿಲನ್ನು ಪೂರ್ತಿ ತೆರೆದು ಮರೆ ಮಾಡಿದೆ. ಒಂದು ಫೋಟೋದಲ್ಲಿ ನನ್ನ ಮೊಣಕೈ ಬಂದಿದೆ. 'ಅಮ್ಮಾ, ಸ್ವಲ್ಪ ಸರೀರಿ, ನೀವಿದ್ರೆ ಮನೆ ಕಾಣ್ಸಲ್ಲ' ಅಂದ ಇಸ್ತ್ರಿಯವನು. ಎಲ್ಲ ತೆಗೆದ ಮೇಲೆ ನೋಡಿದರೆ ಯಾರದ್ದೋ ಮನೆ. ಒಂದು ಗಳಿಗೆ ಅಡುಗೆಮನೆ ಯಾವ ಕಡೆ ಅಂತ ಯೋಚಿಸುವಂತಾಯಿತು.

ಅಳತೆ ಬರೆದುಕೋ. ನನ್ನ ಟೇಪಿನಲ್ಲೇ ಅಳೆದೆ, ಇಸ್ತ್ರಿಯವನು ಆ ತುದಿ ಹಿಡಿದ. ಐದಡಿ ಟೇಪು. ಮುಂದಿನ ಕೋಣೆಗೆ ಮೂರು ಸಲ ಹಾಸಿದೆ, ಸರಿಯಾಗಿ ಹದಿನೈದು ಅಡಿ. ಅಡುಗೆಮನೆಗೆ ಎರಡು ಸಲ, ಹತ್ತು ಅಡಿ. ಮಹಡಿಯ ಕೋಣೆಗಳೂ ಎರಡೆರಡು ಸಲ, ಹತ್ತತ್ತು ಅಡಿ. ನಿನ್ನ ದೊಡ್ಡವರಿಗೆ ಹೇಳು, ಮೂವತ್ತು ವರ್ಷ ಊರಿನ ಮೈಯನ್ನೆಲ್ಲ ಅಳೆದವಳು ಅಳೆದದ್ದು ಅಂತ.

ಇನ್ನೊಂದು ವಿಷಯ ಹೇಳುವುದಿತ್ತು. ನಮ್ಮ ಮಹಡಿಯ ಏಳನೇ ಮೆಟ್ಟಿಲು ಸ್ವಲ್ಪ ಎತ್ತರ ಇದೆ. ಅದನ್ನೂ ಬರೆ. ಜನ ಎಡವಬಾರದು.

ಬೆನ್ನು ಹೇಗಿದೆ? ಬಗ್ಗಿ ಎತ್ತುವ ಕೆಲಸ ಮಾಡಬೇಡ.

ಖಾಲಿ ಗೋಡೆ ನೋಡುತ್ತಾ ಕೂತಿರುವ,
ಅಮ್ಮ


ಫೆಬ್ರವರಿ 18

ಅಮ್ಮ,

ಮುಂದಿನ ಭಾನುವಾರ ಹೀಗೆ ಅಚ್ಚಾಗುತ್ತದೆ:

'ದಿನವಿಡೀ ಬೆಳಕಿರುವ ಮನೆ. ಬೀದಿಗೆ ಅಂಗಡಿಗೆ ಒಗ್ಗುವ ಕೋಣೆ, 15 ಅಡಿ ಉದ್ದ. ಅಡುಗೆಮನೆ 10 ಅಡಿ. ಮಹಡಿಯಲ್ಲಿ ಎರಡು ಕೋಣೆ, ತಲಾ 10 ಅಡಿ, ಎರಡಕ್ಕೂ ಪೂರ್ವಕ್ಕೆ ಕಿಟಕಿ. ನೀರಿಗೆ ಕೊರತೆಯಿಲ್ಲ. ಶಾಲೆಗೆ ಐದು ನಿಮಿಷ, ಬಸ್ಸಿಗೆ ಎರಡು ನಿಮಿಷದ ನಡಿಗೆ. ಕಟ್ಟಿದವರೇ ಇಷ್ಟು ವರ್ಷ ಇದ್ದ ಮನೆ.'

ಕೆಳಗೆ ನಮ್ಮ ಕಚೇರಿಯ ವಿಳಾಸ ಇರುತ್ತದೆ. ಫೋಟೋಗಳಲ್ಲಿ ಮಹಡಿಯ ಕಿಟಕಿಯದ್ದು ಆರಿಸಿದೆ. ಮೊಣಕೈ ಇದ್ದದ್ದನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಮೆಟ್ಟಿಲು, ನಲ್ಲಿ, ಸ್ವಿಚ್ಚು ಬಿಟ್ಟಿದ್ದೇನೆ. ಅವು ಕೊಳ್ಳುವವರಿಗೆ ಬೇಡದ ವಿಷಯ. ಬೇರೆಯವರ ಮನೆಯಾದರೆ ಚಹಾ ಆರುವುದರೊಳಗೆ ಬರೆದು ಮುಗಿಸುತ್ತೇನೆ. ಇದನ್ನು ಒಂಬತ್ತು ಸಲ ಬರೆದೆ. 'ಕಟ್ಟಿದವರೇ' ಅಂತ ಬರೆಯುವಾಗ ಕೈ ನಿಂತುಹೋಯಿತು.

ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಡುತ್ತೇನೆ. ನೀನೂ ಒಮ್ಮೆ ಜಾಹೀರಾತು ಬರೆದಿದ್ದೆ ಅಮ್ಮ. ನಾನು ಬೆನ್ನಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಕಾರ್ಡು ಬಂತು. 'ನಿನ್ನಪ್ಪನಿಗೆ ಸ್ವಲ್ಪ ಜ್ವರ. ಗಾಬರಿ ಪಡುವಂಥದ್ದೇನಿಲ್ಲ. ಎದ್ದು ಓಡಾಡುವಂತಾದ ಮೇಲೆ ಬಾ.' ನಾನು ನಂಬಿದೆ. ದಾದಿಗೂ ಓದಿ ಹೇಳಿದೆ. ಒಂಬತ್ತನೇ ದಿನ ಅಪ್ಪ ಇರಲಿಲ್ಲ. ಅಂಥಾ ಎರಡು ಸಾಲು ಬರೆಯಲು ನಮ್ಮ ಕಚೇರಿಯಲ್ಲಿ ಯಾರಿಗೂ ಬರುವುದಿಲ್ಲ.

ಯಾಕೆ ಹಾಗೆ ಬರೆದೆ ಅಂತ ನಾಲ್ಕು ವರ್ಷದಲ್ಲಿ ನೀನು ಹೇಳಲೇ ಇಲ್ಲ. ಈಗ ಮನೆ ಮಾರುವುದಕ್ಕೆ ಯಾಕಿಷ್ಟು ಅವಸರ ಅಂತಲೂ ಹೇಳುತ್ತಿಲ್ಲ. ಮಂಡಿ ನೋವಿಗೆ ಯಾರೂ ಮನೆ ಮಾರುವುದಿಲ್ಲ.

ಬೆನ್ನು ಪರವಾಗಿಲ್ಲ.

ಕತ್ತರಿ


ಮಾರ್ಚ್ 12

ಕತ್ತರಿ,

ನಿನ್ನ ಜಾಹೀರಾತು ಚೆನ್ನಾಗಿ ಕೆಲಸ ಮಾಡಿತು. ಮೂರು ಭಾನುವಾರದಲ್ಲಿ ಏಳು ಜೋಡಿ ಚಪ್ಪಲಿ ಬಾಗಿಲಲ್ಲಿ ಬಿದ್ದವು. ಒಬ್ಬಳು ಅಡುಗೆಮನೆ ನೋಡದೆ ನನ್ನ ಪರದೆಗಳನ್ನು ನೋಡಿ, ಅವನ್ನು ಮಾರುತ್ತೀರಾ ಅಂದಳು. ಇನ್ನೊಬ್ಬರು ಬಂದು ಕುಳಿತು, ಚಹಾ ಕುಡಿದು, ತಮ್ಮ ಮನೆಯ ಕಷ್ಟ ಹೇಳಿಕೊಂಡು ಹೋದರು.

ಕೊನೆಗೆ ಒಬ್ಬ ಬಡಗಿ, ಹೆಂಡತಿಯೊಂದಿಗೆ ಬಂದ. ಒಳ್ಳೆಯ ಜನ. ಮುಂದಿನ ಕೋಣೆಯನ್ನು ಕೆಲಸದ ಕೋಣೆ ಮಾಡಿಕೊಳ್ಳಬೇಕಂತೆ, ಹದಿನಾಲ್ಕೂವರೆ ಅಡಿಯ ಮೇಜು ಇದೆಯಂತೆ. ಪೇಪರಿನಲ್ಲಿ ಹದಿನೈದು ಅಂತ ನೋಡಿಯೇ ಬಂದವರು. ಅವನು ಜೇಬಿನಿಂದ ಉಕ್ಕಿನ ಟೇಪು ತೆಗೆದು ಸರ್ರಂತ ಎಳೆದ. ಮತ್ತೆ ಎಳೆದ. ಆಮೇಲೆ ನನ್ನ ಮುಖ ನೋಡಿ, 'ಅಮ್ಮಾ, ಇಲ್ಲಿ ಒಂಬತ್ತು ಇಂಚು ಕಮ್ಮಿ ಬರ್ತಿದೆಯಲ್ಲ' ಅಂದ.

'ನಿನ್ನ ಟೇಪು ಸುಳ್ಳು' ಅಂದೆ.

'ಉಕ್ಕಿನ ಟೇಪು ಎಲ್ಲಾದ್ರೂ ಸುಳ್ಳು ಹೇಳುತ್ತಾ?'

'ನೀನು ಹುಟ್ಟೋಕೆ ಮುಂಚೆಯಿಂದ ಅಳೀತಿದೀನಿ ಕಣಪ್ಪ. ನನಗೆ ಅಳತೆ ಹೇಳಿಕೊಡ್ಬೇಡ!'

ಇಸ್ತ್ರಿಯವನು ಓಡಿ ಬಂದ. ಅಡುಗೆಮನೆಯೂ ಅರ್ಧ ಅಡಿ ಕಡಿಮೆ, ಮಹಡಿಯ ಕೋಣೆಗಳೂ ಅರ್ಧರ್ಧ ಅಡಿ ಕಡಿಮೆ ಅಂತ ಬಡಗಿ ಹೇಳಿದ. 'ಜಾಹೀರಾತು ಹಾಕಿದವರ ಹತ್ತಿರವೇ ಕೇಳ್ತೀನಿ' ಅಂದುಕೊಂಡು ಹೋದ. ಹೋಗುವಾಗ ಅವನ ಹೆಂಡತಿ ಬಗ್ಗಿ ಬಗ್ಗಿ ದೀಪ ಆರಿಸಿದಳು. 'ಇದೇನ್ರೀ, ಸ್ವಿಚ್ಚೆಲ್ಲ ಮೊಣಕಾಲ ಹತ್ರ' ಅಂತ ನಕ್ಕಳು. ನನಗೆ ಅವಳ ಮೇಲೆ ಇಲ್ಲದ ಸಿಟ್ಟು ಬಂತು.

ನಾನು ಎಂದಾದರೂ ತಪ್ಪು ಅಳೆದದ್ದುಂಟೇ? ನೀನೇ ಹೇಳು. ನಿನ್ನ ಕಚೇರಿಯಲ್ಲಿ ಅವನ ಮಾತು ನಂಬಬೇಡಿ.

ನೀನು ಕೇಳಿದ ಎರಡು ಪ್ರಶ್ನೆಗೆ ಉತ್ತರ ಆಮೇಲೆ ಬರೆಯುತ್ತೇನೆ. ಇವತ್ತು ತಲೆ ಕೆಟ್ಟಿದೆ.

ಅಮ್ಮ


ಮಾರ್ಚ್ 19

ಅಮ್ಮ,

ಬಡಗಿ ಕಚೇರಿಗೆ ಬಂದಿದ್ದರು. ದೊಡ್ಡವರು ಎಲ್ಲರೆದುರಿಗೆ ನನಗೆ ಬೈದರು. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ. ಸೀಟಿಗೆ ಬಂದು ಕೂತೆ. ನಿನಗೊಂದು ಕಾಗದ ಬರೆದೆ, ಬಾಯಿಗೆ ಬಂದದ್ದೆಲ್ಲ ಬರೆದೆ. ಅಳತೆಯನ್ನಾದರೂ ನೆಟ್ಟಗೆ ಹೇಳಬಾರದಿತ್ತೇ, ಇದರಲ್ಲೂ ನನಗೆ ಸುಳ್ಳೇ ಬೇಕಿತ್ತೇ ಅಂತ.

ಅದನ್ನು ಕಳಿಸಲಿಲ್ಲ. ಲಕೋಟೆ ಅಂಟಿಸುವ ಮೊದಲು ಲೆಕ್ಕ ಕಣ್ಣಿಗೆ ಬಿತ್ತು. ಮುಂದಿನ ಕೋಣೆಗೆ ಟೇಪು ಮೂರು ಸಲ ಹಾಸಿದೆ ಅಂದಿದ್ದೆ. ಒಂಬತ್ತು ಇಂಚು ಕಡಿಮೆ. ಉಳಿದವಕ್ಕೆ ಎರಡೆರಡು ಸಲ. ಆರಾರು ಇಂಚು ಕಡಿಮೆ. ಪ್ರತಿ ಸಲಕ್ಕೆ ಮೂರು ಇಂಚು.

ಅಮ್ಮ, ನನ್ನ ಮೂರು ಇಂಚನ್ನು ನೀನು ಕಳೆಯಲಿಲ್ಲ.

ಮೂವತ್ತು ವರ್ಷ ಒಂದು ಸಲವೂ ಮರೆಯಲಿಲ್ಲ ನೀನು. ನನಗೆ ನೂರು ಜ್ವರ ಇದ್ದ ದಿನವೂ ಮಂಚದ ಪಕ್ಕ ಕೂತು ಯಾರದ್ದೋ ಅಂಗಿ ಅಳೆಯುತ್ತಾ ಅದನ್ನು ಹೇಳಿಕೊಳ್ಳುತ್ತಿದ್ದೆ. ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬಡಗಿ ಎದುರಿಗೆ ನಿಂತು ಒಂಬತ್ತು ಇಂಚು ಅಂದಾಗಲೂ ನಿನಗೆ ನೆನಪಾಗಲಿಲ್ಲವೇ? ನಿನ್ನ ಹಳೆಯ ಕಾಗದಗಳನ್ನು ಮತ್ತೆ ತೆಗೆದು ನೋಡಿದೆ. ಏಳನೇ ಮೆಟ್ಟಿಲಿನ ವಿಷಯ ಹೊಸದಾಗಿ ಹೇಳುವಂತೆ ಎರಡು ಸಲ ಹೇಳಿದ್ದೀಯ. ಅಡುಗೆಮನೆ ಯಾವ ಕಡೆ ಅಂತ ಯೋಚಿಸುವಂತಾಯಿತು ಅಂತಲೂ ಬರೆದಿದ್ದೀಯ. ನಾನು ಅದನ್ನು ತಮಾಷೆ ಅಂದುಕೊಂಡಿದ್ದೆ.

ನಿನಗೆ ಏನಾಗಿದೆ? ಈ ಸಲ 'ಸ್ವಲ್ಪ' ಅನ್ನುವ ಪದ ಬಳಸಬೇಡ. ಇನ್ನೊಂದು ಸಲ ಹಾಗೆ ಮಾಡಿದರೆ ನಾನು ನಿನ್ನನ್ನು ಕ್ಷಮಿಸುವುದಿಲ್ಲ. ನನ್ನನ್ನೂ ಕ್ಷಮಿಸಿಕೊಳ್ಳಲು ಆಗುವುದಿಲ್ಲ.

ಕತ್ತರಿ


ಏಪ್ರಿಲ್ 27

ಕತ್ತರಿ,

ಐದು ವಾರ ತೆಗೆದುಕೊಂಡೆ. ಬರೆದು ಹರಿದದ್ದರಲ್ಲಿ ಒಂದು ದಿಂಬು ತುಂಬಬಹುದಿತ್ತು.

ನಿನ್ನ ಕಾಗದ ಓದಿ ಟೇಪು ತೆಗೆದು ನೋಡಿದೆ. ತುದಿಯಲ್ಲಿ ಮೂರು ಅಂತಿತ್ತು. ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದೆ. ಆಮೇಲೆ ಕೂತು ಅತ್ತೆ.

ಹೋದ ಮಳೆಗಾಲದಲ್ಲಿ ಶುರುವಾಯಿತು. ಶಾಲೆಯವರಿಗೆ ಹನ್ನೆರಡು ಯೂನಿಫಾರ್ಮ್ ಹೊಲಿದೆ, ಹನ್ನೆರಡೂ ಮೂರು ಇಂಚು ದೊಗಲೆ. ಬೆಳೆಯುವ ಮಕ್ಕಳು, ಇರಲಿ ಬಿಡಿ ಅಂದರು. ಒಂದು ದಿನ ನೂಲು ತರಲು ಹೋದವಳು ನಮ್ಮ ಬೀದಿಯಲ್ಲೇ ನಿಂತು ಇಸ್ತ್ರಿಯವನ ಹತ್ತಿರ 'ಟೈಲರಮ್ಮನ ಮನೆ ಯಾವುದಪ್ಪ?' ಅಂತ ಕೇಳಿದೆನಂತೆ. ಅವನು ತಮಾಷೆ ಅಂದುಕೊಂಡು, 'ನಿಮ್ಮ ಬೆನ್ನ ಹಿಂದೆ' ಅಂದನಂತೆ. ನಾನು ಹಿಂದೆ ತಿರುಗಿ ನೋಡಿ ಥ್ಯಾಂಕ್ಸ್ ಹೇಳಿದೆನಂತೆ. ಅವನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಗಡಿಯಾರದ ಚಿತ್ರ ಬರೆಯಲು ಹೇಳಿದರು. ಬರೆದೆ. ಹನ್ನೆರಡು ಅಂಕಿಯನ್ನೂ ಒಂದೇ ಮಗ್ಗುಲಿಗೆ ಬರೆದೆನಂತೆ. ಇದು ವಾಸಿಯಾಗುವುದಲ್ಲ, ಹೆಚ್ಚಾಗುವುದು ಅಂದರು. 'ಸ್ವಲ್ಪ' ಅನ್ನುವ ಪದ ಅವರೂ ಬಳಸಲಿಲ್ಲ.

ಅದಕ್ಕೇ ಮಾರಾಟ. ನನ್ನ ಹೆಸರು ನಾನೇ ನೆಟ್ಟಗೆ ಬರೆಯಲು ಬರುವಾಗಲೇ ಸಹಿ ಹಾಕಿಬಿಟ್ಟರೆ ನಿನಗೆ ಕೋರ್ಟು ಕಚೇರಿಯ ಅಲೆದಾಟ ಇರುವುದಿಲ್ಲ. ವೃದ್ಧರನ್ನು ನೋಡಿಕೊಳ್ಳುವ ಒಂದು ಜಾಗ ವಿಚಾರಿಸಿ ಇಟ್ಟಿದ್ದೇನೆ. ನಿನಗೆ ಎಲ್ಲ ಮುಗಿದ ಮೇಲೆ ತಿಳಿಸೋಣ ಅಂದುಕೊಂಡಿದ್ದೆ. ಹೌದು, ಮತ್ತೆ ಅದೇ ಬುದ್ಧಿ. ಹುಟ್ಟುಗುಣ ಸುಟ್ಟರೂ ಹೋಗದು.

ಇನ್ನು ಆ ಕಾರ್ಡು. ನಿನ್ನಪ್ಪನೇ ಹೇಳಿದರು, ಅವಳಿಗೆ ತಿಳಿಸಬೇಡ ಅಂತ. ತಿಳಿದರೆ ಎದ್ದು ಬಸ್ಸು ಹತ್ತುತ್ತಾಳೆ, ಬೆನ್ನಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ಜೀವಮಾನವಿಡೀ ಕುಂಟುತ್ತಾಳೆ ಅಂತ. ಆದರೆ ತಪ್ಪನ್ನು ಅವರ ತಲೆಗೆ ಕಟ್ಟುವುದಿಲ್ಲ. ಕೈ ನನ್ನದು. ಕಾರ್ಡು ಬರೆಯುವಾಗ ಅವರು ಪಕ್ಕದಲ್ಲಿ ಮಲಗಿ ಏದುಸಿರು ಬಿಡುತ್ತಿದ್ದರು. ನಾನು 'ಗಾಬರಿ ಪಡುವಂಥದ್ದೇನಿಲ್ಲ' ಅಂತ ಬರೆದೆ. ಹಾಗೆ ಬರೆದರೆ ಹಾಗೆಯೇ ಆಗಬಹುದು ಅಂತ ನನಗೂ ಒಂದು ಹುಚ್ಚು ಆಸೆ ಇತ್ತು. ಇದನ್ನು ನಾಲ್ಕು ವರ್ಷದ ಹಿಂದೆಯೇ ಹೇಳಬೇಕಿತ್ತು. ಮರೆತುಹೋಗುವ ಮೊದಲು ಈಗ ಹೇಳುತ್ತಿದ್ದೇನೆ. ತಪ್ಪಾಯಿತು ಮಗಳೇ.

ಒಂದು ಮಾತು. ಮೊದಲ ಕಾಗದದಲ್ಲಿ ಅಷ್ಟುದ್ದ ಬರೆದದ್ದು ಕೊಳ್ಳುವವರಿಗಲ್ಲ, ನನಗೆ. ನೀನು ಅಚ್ಚು ಹಾಕಿಸಿದರೆ ಕತ್ತರಿಸಿ ಮಷೀನಿನ ಮುಂದೆ ಅಂಟಿಸಿಕೊಳ್ಳೋಣ, ಮನೆ ತಪ್ಪಿದ ದಿನ ಓದಿಕೊಂಡು ಒಳಗೆ ಓಡಾಡೋಣ ಅಂತಿದ್ದೆ. ಅಂಟಿಸಿಕೊಂಡಿದ್ದೇನೆ. ಅದರಲ್ಲಿ ಬೆಳಕಿದೆ, ಬಸ್ಸಿದೆ, ಶಾಲೆಯಿದೆ. ಏಳನೇ ಮೆಟ್ಟಿಲಿಲ್ಲ, ಲೋಟವಿಲ್ಲ, ಸ್ವಿಚ್ಚಿಲ್ಲ. ನೀನು ಬೇಡದ್ದನ್ನೆಲ್ಲ ಕತ್ತರಿಸಿದೆ. ನನಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು.

ಬಾ ಅಂತ ಬರೆಯಲು ನನಗೆ ಮುಖವಿಲ್ಲ. ಆದರೂ ಬರೆಯುತ್ತಿದ್ದೇನೆ. ಬಾ. ನಾನು ನಿನ್ನನ್ನು ಇನ್ನೂ ಗುರುತಿಸುತ್ತಿರುವಾಗಲೇ ಬಾ.

ಅಮ್ಮ


ಏಪ್ರಿಲ್ 30

ಅಮ್ಮ,

ಹೊರಟಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ತಲುಪುತ್ತೇನೆ, ಆದರೂ ಬರೆಯದೆ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಯಾವ ವೃದ್ಧರ ಜಾಗವೂ ಬೇಡ. ನನ್ನ ಮನೆಯಲ್ಲಿ ಎರಡು ಕೋಣೆ ಇವೆ, ಒಂದು ನಿನ್ನದು.

ಟೇಪು ಕೈಗೆ ಸಿಗುವಂತೆ ಇಟ್ಟಿರು. ಇಬ್ಬರೂ ಸೇರಿ ಮತ್ತೆ ಅಳೆಯೋಣ. ಬಡಗಿಗೆ ನಾನೇ ಕ್ಷಮೆ ಕೇಳುತ್ತೇನೆ.

ನಿನ್ನ ಕತ್ತರಿ


ಆಗಸ್ಟ್ 22

ಅಕ್ಕ ಅವರಿಗೆ,

ನಿಮ್ಮ ಮನೆ ಕೊಂಡ ಬಡಗಿ ಬರೆಯುತ್ತಿದ್ದೇನೆ. ನಾವು ಇಲ್ಲಿಗೆ ಬಂದು ಎರಡು ತಿಂಗಳಾಯಿತು. ಮೇಜಿನ ತುದಿ ಕೊಯ್ದು ಮುಂದಿನ ಕೋಣೆಗೆ ಕೂರಿಸಿದೆ, ಚೆನ್ನಾಗಿಯೇ ಕೂತಿತು. ಒಂಬತ್ತು ಇಂಚಿಗೆ ಅಮ್ಮನ ಹತ್ತಿರ ದನಿ ಎತ್ತಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಸಹಿ ಹಾಕುವ ದಿನ ಅವರು ಪಕ್ಕದ ಕಾಗದದಲ್ಲಿ ತಮ್ಮ ಹೆಸರನ್ನು ಮೂರು ಸಲ ಬರೆದು ನೋಡಿಕೊಂಡು, ಆಮೇಲೆ ಕ್ರಯಪತ್ರದ ಮೇಲೆ ಬರೆದರು. ಅದನ್ನು ನನ್ನ ಹೆಂಡತಿ ದಿನಾ ನೆನೆಸಿಕೊಳ್ಳುತ್ತಾಳೆ.

ಒಂದು ವಿಷಯ ನಿಮಗೆ ತಿಳಿಸದೆ ಇರಬಾರದು ಅನ್ನಿಸಿತು. ಹೆಂಡತಿಗೆ ಸೊಂಟ ನೋವು, ಬಗ್ಗಲು ಆಗುವುದಿಲ್ಲ. ಅದಕ್ಕೆ ಸ್ವಿಚ್ಚುಗಳನ್ನೆಲ್ಲ ಮೇಲಕ್ಕೆ ಹಾಕಿಸಿದೆವು. ಕೆಳಗಿನ ತೂತುಗಳನ್ನು ಸಿಮೆಂಟಿನಲ್ಲಿ ಮುಚ್ಚಿ ಬಣ್ಣ ಹೊಡೆದಾಯಿತು. ಏಳನೇ ಮೆಟ್ಟಿಲನ್ನೂ ಕೆತ್ತಿ ಸಮ ಮಾಡಿದೆ, ನಲ್ಲಿ ಬದಲಾಯಿಸಿದೆ. ಹಳೆಯ ಸ್ವಿಚ್ಚುಗಳು ಒಂದು ಚೀಲದಲ್ಲಿವೆ. ನಿಮ್ಮ ತಂದೆ ಕಟ್ಟಿದ ತಂತಿಯ ಗಂಟುಗಳು ಎಷ್ಟು ಅಚ್ಚುಕಟ್ಟಾಗಿದ್ದವು ಅಂದರೆ ಬಿಚ್ಚಲು ನಮ್ಮ ಎಲೆಕ್ಟ್ರಿಷಿಯನ್‌ಗೂ ಮನಸ್ಸಾಗಲಿಲ್ಲ. ಬೇಕಾದರೆ ಕಳಿಸುತ್ತೇನೆ.

ಅಮ್ಮ ಹೇಗಿದ್ದಾರೆ? ಬೀದಿಯವರೆಲ್ಲ ಕೇಳುತ್ತಾರೆ. ಇಸ್ತ್ರಿಯವನಂತೂ ದಿನಕ್ಕೆರಡು ಸಲ ಕೇಳುತ್ತಾನೆ.

ನಮಸ್ಕಾರಗಳೊಂದಿಗೆ,
ಬಡಗಿ


ನವೆಂಬರ್ 14

ಜಾಹೀರಾತು ಬರೆಯುವವರಿಗೆ,

ನಿಮ್ಮ ಪರಿಚಯ ನನಗಿಲ್ಲ. ಒಂದು ಪೇಪರಿನ ತುಂಡು ಸಿಕ್ಕಿತು, ಅದರಲ್ಲಿ ನಿಮ್ಮ ಕಚೇರಿಯ ವಿಳಾಸ ಇದೆ. 'ದಿನವಿಡೀ ಬೆಳಕಿರುವ ಮನೆ' ಅಂತ ಬರೆದಿದ್ದೀರಿ. ಆ ಮನೆ ಇನ್ನೂ ಇದೆಯೇ, ಮಾರಿಹೋಯಿತೇ? ಓದಿದ ಕೂಡಲೇ ನನಗೆ ಹಿಡಿಸಿತು. ಯಾಕೋ ಗೊತ್ತಿಲ್ಲ, ಅಲ್ಲಿಗೆ ಹೋಗಬೇಕು ಅನ್ನಿಸುತ್ತಿದೆ.

ಈಗ ನಾನಿರುವ ಮನೆಯೂ ಒಳ್ಳೆಯದೇ. ಇಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ತಲೆ ಬಾಚುತ್ತಾಳೆ, ಕೆಲಸಕ್ಕೆ ಹೋಗುವ ಮೊದಲು ಬಿಸಿ ಹಾಲು ಕೊಡುತ್ತಾಳೆ. ಆದರೂ ಪರರ ಮನೆಯಲ್ಲಿ ಎಷ್ಟು ದಿನ ಅಂತ ಇರುವುದು? ಅವಳಿಗೂ ಸಂಸಾರ ಇರುತ್ತದೆ. ನನ್ನ ಮಗಳು ಬರುವ ಹೊತ್ತಿಗೆ ನನಗೆ ಒಂದು ಸ್ವಂತ ಮನೆ ಇರಬೇಕು. ಇಲ್ಲದಿದ್ದರೆ ಅವಳು ಎಲ್ಲಿಗೆ ಬರುತ್ತಾಳೆ?

ಅವಳಿಗೆ ನನ್ನ ಮೇಲೆ ಕೋಪ. ಕಾರಣ ನೆನಪಾಗುತ್ತಿಲ್ಲ. ತಪ್ಪು ನನ್ನದೇ ಇರಬೇಕು, ಅವಳು ಸುಮ್ಮಸುಮ್ಮನೆ ಕೋಪ ಮಾಡುವವಳಲ್ಲ. ಅವಳಿಗೆ ಕತ್ತಲೆ ಅಂದರೆ ಭಯ. ಇನ್ನೂ ಚಿಕ್ಕವಳು, ಕೈ ಎಟುಕುವುದಿಲ್ಲ. ಆ ಮನೆಯಲ್ಲಿ ಸ್ವಿಚ್ಚುಗಳು ಕೆಳಗಿವೆಯೇ? ದಯವಿಟ್ಟು ವಿಚಾರಿಸಿ ತಿಳಿಸಿ. ಅದೊಂದು ಇದ್ದರೆ ಸಾಕು, ಬೇರೆ ಕುಂದುಕೊರತೆ ಏನಿದ್ದರೂ ನಾನು ಹೊಂದಿಕೊಳ್ಳುತ್ತೇನೆ.

ಮುಂದಿನ ಕೋಣೆ ಹದಿನೈದು ಅಡಿ ಅಂತ ಹಾಕಿದ್ದೀರಿ. ನನಗೆ ಅನುಮಾನ. ಅದರಲ್ಲಿ ಮೂರು ಇಂಚು ಕಳೆಯಬೇಕು. ಯಾಕೆ ಅಂತ ಕೇಳಬೇಡಿ, ಕಳೆಯಬೇಕು. ಅದು ನನ್ನ ಮಗಳದ್ದು.

ಉತ್ತರವನ್ನು ಈ ಹೆಣ್ಣುಮಗಳ ವಿಳಾಸಕ್ಕೇ ಬರೆಯಿರಿ. ಲಕೋಟೆಯ ಮೇಲೆ ಹಾಕಿದ್ದೇನೆ. ಅವಳಿಗೆ ಗೊತ್ತಾಗದಂತೆ ಅಂಚೆಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಂಡಾಳು.

ಇಂತಿ,
ಒಬ್ಬ ಟೈಲರ್


ನವೆಂಬರ್ 17

ಅಮ್ಮನವರಿಗೆ,

ನಿಮ್ಮ ಕಾಗದ ನಮ್ಮ ಕಚೇರಿಗೆ ಇವತ್ತು ಬೆಳಿಗ್ಗೆ ತಲುಪಿತು. ನೀವು ಕೇಳಿದ ಮನೆ ಇನ್ನೂ ಇದೆ. ಮಾರಿಲ್ಲ. ನಿಮ್ಮ ಹೆಸರಿನಲ್ಲಿ ತೆಗೆದಿರಿಸಿದ್ದೇವೆ.

ಪೇಪರಿನಲ್ಲಿ ಅಚ್ಚಾದದ್ದು ತಪ್ಪಾಗಿತ್ತು. ಸರಿಯಾದ ವಿವರ ಹೀಗಿದೆ, ಕತ್ತರಿಸಿ ನಿಮ್ಮ ಮಂಚದ ಪಕ್ಕ ಅಂಟಿಸಿಕೊಳ್ಳಬಹುದು.

'ಬೀದಿಗೆ ಹೊಲಿಗೆ ಅಂಗಡಿಯ ಕೋಣೆ, ಮೂರು ಟೇಪಿನ ಉದ್ದ, ಪ್ರತಿ ಟೇಪಿಗೆ ಮೂರು ಇಂಚು ಕಳೆದು. ಹಿಂದೆ ಅಡುಗೆಮನೆ, ಎರಡು ಟೇಪಿನ ಉದ್ದ, ಅದರಲ್ಲೂ ಮೂರು ಮೂರು ಇಂಚು ಕಳೆದು. ನಲ್ಲಿ ತೊಟ್ಟಿಕ್ಕುತ್ತದೆ, ಕೆಳಗೆ ಲೋಟ ಇಟ್ಟಿದೆ. ಮೆಟ್ಟಿಲು ಹನ್ನೊಂದು, ಏಳನೆಯದು ಸ್ವಲ್ಪ ಎತ್ತರ, ಗೋಡೆ ಹಿಡಿದುಕೊಳ್ಳಿ. ಮಹಡಿಯ ಬಾಗಿಲ ಹಿಂದೆ ಒಂದು ಕೋಟು ನೇತು ಹಾಕಿದೆ. ಮಂಚದ ಕೆಳಗೆ ಸಲಕರಣೆ ಪೆಟ್ಟಿಗೆ. ಸ್ವಿಚ್ಚುಗಳೆಲ್ಲ ನೆಲದಿಂದ ಎರಡು ಅಡಿಗೇ ಇವೆ. ಮಗುವಿನ ಕೈಗೆ ಎಟುಕುತ್ತವೆ.'

ನಿಮ್ಮ ಮಗಳು ನಮಗೆ ಪರಿಚಯ. ಅವಳಿಗೆ ಕೋಪ ಇತ್ತು, ಈಗ ಇಲ್ಲ. ಒಂದಿಷ್ಟೂ ಇಲ್ಲ. ಅವಳು ಹೊರಟಿದ್ದಾಳೆ, ದಾರಿಯಲ್ಲಿ ಸ್ವಲ್ಪ ತಡವಾಗಿದೆ. ಬರುವವರೆಗೆ ತಲೆ ಬಾಚುವ ಆ ಹೆಣ್ಣುಮಗಳ ಹತ್ತಿರವೇ ಇರಿ. ಅವಳಿಗೆ ಬೇಜಾರಿಲ್ಲ.

ನಿಮ್ಮ ಕಾಗದದ ಅಕ್ಷರ ಚೆನ್ನಾಗಿದೆ. ಹಾಲು ಆರುವ ಮೊದಲು ಕುಡಿಯಿರಿ.

ಗಾಬರಿ ಪಡುವಂಥದ್ದೇನಿಲ್ಲ.

ಇಂತಿ,
ಜಾಹೀರಾತು ಬರೆಯುವವಳು